ಸಮಸ್ಯಾಪೂರಣ: ಮಳೆಯಲ್ಲಿ ಉರಿದ ಪೊದೆ

(ಮಾತಾಡುವವರನ್ನು ಅವರವರ ಊರಿನ ಹೆಸರಿನಿಂದ ಗುರುತಿಸಿದೆ.)

ಮಾಟುಂಗ: ಕೊಟ್ಟ ಒಗಟಿನಂಥ ಕೊನೆಯ ಸಾಲಿಗೆ ಅರ್ಥ ಕೂಡುವಂತೆ ಮೊದಲ ಮೂರು ಸಾಲು ಕಟ್ಟುವುದೇ ಸಮಸ್ಯಾಪೂರಣ. ಈ ವಾರದ ಸಮಸ್ಯೆ, ನಾಲ್ಕು ಸಾಲಿನ ಕಂದಪದ್ಯದ ಕೊನೆಯ ಸಾಲು:
"ಮಳೆಯೊಳ್ ನನೆದುಂ ಧಗಧಗನುರಿದುದು ಪೊದರೈ"
ಪ್ರಾಸಾಕ್ಷರ (ಪ್ರತಿ ಸಾಲಿನ ಎರಡನೆಯ ಅಕ್ಷರ) ಳ, ಅದರ ಹಿಂದೆ ಲಘು (ಒಂದು ಮಾತ್ರೆಯ ಅಕ್ಷರ; ಎರಡು ಮಾತ್ರೆಯದು ಗುರು). ಸಿಡಿಲು, ಕಾಳ್ಗಿಚ್ಚು ಬೇಡ. ಕಾಡಿನ ಹೂವೊಂದರಿಂದಲೇ ಬಿಡಿಸಬೇಕು.

ಕೋಥ್ರೂಡ್:
ಎಳೆವಸುರಿಂ ಪೊಂಬಣ್ಣಂ
ತಳೆದು ಬಳಿಕ್ಕಂ ಸುರಕ್ತವರ್ಣಂಬಡೆಯಲ್
ಬಳಸಿದ ಗೌರಿಯ ಪೂವಿಂ
ಮಳೆಯೊಳ್ ನನೆದುಂ ಧಗಧಗನುರಿದುದು ಪೊದರೈ

ಮಾಟುಂಗ: ಭೇಷ್ ಅಕ್ಕ. ಗೌರಿ ಹೂವಿಗಿರುವ ಅಗ್ನಿಶಿಖೆಯೆಂಬ ಹೆಸರೆತ್ತದೆ ಬೆಂಕಿ ಹಚ್ಚಿದಿರಿ. ಬಣ್ಣದ ಕ್ರಮವೂ ಸರಿ: ಅರಳುವಾಗ ಹಸಿರು ಬೆರೆತ ಹಳದಿ, ಆಮೇಲೆ ಕಿತ್ತಳೆ, ಕೊನೆಗೆ ಕಡುಗೆಂಪು. ಒಂದೇ ಬಳ್ಳಿಯಲ್ಲಿ ಮೂರೂ ಒಟ್ಟಿಗೆ ಕಾಣುವುದರಿಂದಲೇ ಉರಿಯ ಭ್ರಮೆ. ಆರನೆಯ ಗಣಕ್ಕೆ (ನಾಲ್ಕು ಮಾತ್ರೆಯ ಗುಂಪೇ ಗಣ; ಇದು ಎರಡನೆಯ ಸಾಲಿನ ಮೂರನೆಯದು) "ಸುರಕ್ತ" ಎಂಬ ಜಗಣ, ಅಂದರೆ ಲಘು-ಗುರು-ಲಘು, ಚೆನ್ನಾಗಿ ಕೂತಿದೆ. ಆ "ಸು" ಮಾತ್ರೆ ತುಂಬಲು ಬಂದದ್ದೆಂಬ ಗುಮಾನಿ ಮಾತ್ರ ಹೋಗದು.

ಮಡಗಾಂವ್:
ಎಳೆಯೆಲೆದುದಿಯಿಂ ಪಿಡಿದಾ
ಕೆಳಗಂ ನೋಡುವ ಕುಸುಮದ ನೆಗೆದಾರೆಸಳಿಂ
ಕಳಲಾವಿಯ ಪೆಸರಿಂದಂ
ಮಳೆಯೊಳ್ ನನೆದುಂ ಧಗಧಗನುರಿದುದು ಪೊದರೈ

ಕೋಥ್ರೂಡ್: ಈ ಹೂವಿನ ಮರಾಠಿ ಹೆಸರಾದ ಕಳಲಾವಿಯನ್ನು ಪ್ರಾಸಕ್ಕೆ ಹಿಡಿದದ್ದು ಸೊಗಸು, ರಾಯರೆ. ಗಿಡವನ್ನು ಹತ್ತಿರದಿಂದ ನೋಡಿದವರ ಪದ್ಯ ಇದು. ಈ ಬಳ್ಳಿಗೆ ಬೇರೆ ಕುಡಿಯಿಲ್ಲ, ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಕಡ್ಡಿಯನ್ನು ಸುತ್ತುತ್ತದೆ. ಹೂ ತಲೆ ತಗ್ಗಿಸಿದ್ದರೂ ಅಲೆಯಂಚಿನ ಆರೂ ಎಸಳು ಹಿಂದಕ್ಕೆ ಮಡಚಿ ಮೇಲೇಳುತ್ತವೆ. ಆರು ಕೇಸರಗಳು ಸುತ್ತಲೂ ಚಾಚುತ್ತವೆ. ಶಲಾಕೆ (ಅಂಡಾಶಯದಿಂದ ಹೊರಡುವ ಎಳೆ) ಬುಡದಲ್ಲೇ ಅಡ್ಡಕ್ಕೆ ಬಾಗುತ್ತದೆ. ಈ ಬಾಗನ್ನು ಯಾರೂ ಇನ್ನೂ ಮುಟ್ಟಿಲ್ಲ.

ಠಾಣೆ: ನನ್ನದು ಮೊದಲ ಸಾಲಷ್ಟೇ: "ತಳಿರ್ಗೊನೆಯ ಕೆಮ್ಮೊಗ್ಗಿಂ". 12 ಮಾತ್ರೆ ಸರಿಯಿದೆಯಲ್ಲ?

ಮಾಟುಂಗ: ಮಾತ್ರೆ ಸರಿ, ಗಣ ತಪ್ಪು. "ತಳಿರ್ಗೊ" ಲಘು-ಗುರು-ಲಘು, ಅಂದರೆ ಜಗಣ. ಕಂದದ ಬೆಸ ಗಣದಲ್ಲಿ ಅದು ಸಲ್ಲದು. ಮೊಗ್ಗೂ ಕೆಂಪಲ್ಲ, ಹಸಿರು.

ಠಾಣೆ: ರ್ಗ ಶಿಥಿಲದ್ವಿತ್ವ, ಹಿಂದಿನ ಅಕ್ಷರವನ್ನು ಗುರು ಮಾಡದ ತೇಲು ಒತ್ತಕ್ಷರ, ಎಂದುಕೊಂಡರೆ?

ಮಾಟುಂಗ: ಆಗ ಸಾಲು 11ಕ್ಕೆ ನಿಲ್ಲುತ್ತದೆ, ಸಾರ್. "ತಳಿರ ಕೊನೆಯ ಪಸುಮೊಗ್ಗಿಂ" ಎನ್ನಿ, ಎರಡು ದೋಷವೂ ಒಟ್ಟಿಗೆ ಹೋಗುತ್ತವೆ.

ಮಡಗಾಂವ್: ಮುಂದಿನ ಸಾಲಿಗೆ ಗೆಡ್ಡೆ ತನ್ನಿ. ಮಳೆಗಾಲ ಮುಗಿದ ಮೇಲೆ ಬಳ್ಳಿ ಒಣಗಿದರೂ ನೆಲದೊಳಗೆ ಕವಲೊಡೆದ ಗೆಡ್ಡೆ ಉಳಿದಿರುತ್ತದೆ. ಪದ್ಯಕ್ಕೆ ಮಾತ್ರ ತನ್ನಿ, ಅಡುಗೆಮನೆಗಲ್ಲ: ಅದರಲ್ಲಿರುವ ಕಾಲ್ಚಿಸಿನ್ ಪ್ರಾಣ ತೆಗೆಯುವ ವಿಷ, ಬೀಜದಲ್ಲೂ ಇದೆ.

ಮಾಟುಂಗ: ಎರಡನೆಯ ಸಾಲಿಗೆ 20 ಮಾತ್ರೆ. ಅದರ ಮೂರನೆಯ ಗಣ ಜಗಣವೋ ಸರ್ವಲಘುವೋ ಆಗಿರಲಿ, ಕೊನೆಯಲ್ಲಿ ಗುರು ಬರಲಿ.