ಮಿನ್ನೆಸೋಟದ ಚಳಿಗಾಲ: ಥರ್ಮೋಸ್ಟಾಟ್ ಎಷ್ಟಕ್ಕೆ ಇಡಬೇಕು, ಗ್ಯಾಸ್ ಬಿಲ್ ಹೇಗೆ ಇಳಿಸಬೇಕು?

ಪ್ರಶ್ನೆ: ಈಗನ್‌ವಾಸಿ

ಕಳೆದ ಬೇಸಿಗೆಯಲ್ಲಿ ಮಿನ್ನಿಯಾಪೊಲಿಸ್ ಬಳಿಯ ಈಗನ್‌ನಲ್ಲಿ ನಾವು ಮನೆ ಕೊಂಡೆವು. ಅದಕ್ಕೆ ಮೊದಲಿದ್ದ ಅಪಾರ್ಟ್‌ಮೆಂಟಿನಲ್ಲಿ ಹೀಟಿಂಗ್ ಖರ್ಚು ಬಾಡಿಗೆಯಲ್ಲೇ ಸೇರಿರುತ್ತಿದ್ದುದರಿಂದ ಆ ಕಡೆಗೆ ಗಮನ ಹೋಗಿರಲಿಲ್ಲ. ಈ ಜನವರಿಯ ಬಿಲ್ಲಿನಲ್ಲಿ 165 ಥರ್ಮ್ (ಇಲ್ಲಿ ಗ್ಯಾಸ್ ಅಳೆಯುವ ಏಕಮಾನ) ಗ್ಯಾಸ್ ಎಂದು ನಮೂದಾಗಿದೆ. ಜುಲೈನಲ್ಲಿ ಅದು 20 ಥರ್ಮ್ ಮಾತ್ರ ಇತ್ತು. ಥರ್ಮ್ ಒಂದಕ್ಕೆ ಸರಬರಾಜು ಶುಲ್ಕವೂ ಸೇರಿ ಹೆಚ್ಚುಕಡಿಮೆ ಒಂದು ಡಾಲರ್ ಬೀಳುತ್ತಿದೆ.

ಮನೆ 1980ರ ದಶಕದ್ದು, ಎರಡು ಅಂತಸ್ತು ಮತ್ತು ಬೇಸ್‌ಮೆಂಟ್ ಇವೆ. ಮನೆಯನ್ನು ಬೆಚ್ಚಗಿಡುವ ಗ್ಯಾಸ್ ಫರ್ನೇಸಿನಿಂದ ಬಿಳಿ ಪ್ಲಾಸ್ಟಿಕ್ ಕೊಳವೆಗಳೆರಡು ಪಕ್ಕದ ಗೋಡೆಯ ಮೂಲಕ ಹೊರಗೆ ಹೋಗಿವೆ. ಥರ್ಮೋಸ್ಟಾಟನ್ನು ಹಗಲೂ ರಾತ್ರಿಯೂ 70 ಡಿಗ್ರಿ ಫ್ಯಾರನ್‌ಹೀಟಿಗೆ ಇಟ್ಟಿದ್ದೇವೆ. ಮೈಸೂರಿನಿಂದ ಬಂದಿರುವ ಅತ್ತೆ ಮಾವ ಏಪ್ರಿಲ್‌ವರೆಗೆ ನಮ್ಮ ಜೊತೆಯಲ್ಲೇ ಇರುತ್ತಾರೆ. ಅವರಿಗೆ 70 ಸಾಲುವುದಿಲ್ಲ. ಆಫೀಸಿನ ಸಹೋದ್ಯೋಗಿ ರಾತ್ರಿ 62ಕ್ಕೆ ಇಳಿಸಿ ಎನ್ನುತ್ತಾರೆ. ಪಕ್ಕದ ಮನೆಯವರು ಹಾಗೆ ಮಾಡಲೇಬೇಡಿ, ತಣ್ಣಗಾದ ಮನೆಯನ್ನು ಬೆಳಗ್ಗೆ ಮತ್ತೆ ಬೆಚ್ಚಗೆ ಮಾಡಲು ಉಳಿಸಿದ್ದಕ್ಕಿಂತ ಹೆಚ್ಚು ಗ್ಯಾಸ್ ಬೇಕಾಗುತ್ತದೆ ಎನ್ನುತ್ತಾರೆ. ಯಾರ ಮಾತು ಸರಿ? ಹಿರಿಯರಿಗೆ ತೊಂದರೆಯಾಗದಂತೆ ಬಿಲ್ ಇಳಿಸುವ ದಾರಿ ಇದೆಯೇ?

ಉತ್ತರ: ಬ್ಲೂಮಿಂಗ್ಟನ್ ಹಳಬ

ನಿಮ್ಮ ಪಕ್ಕದ ಮನೆಯವರ ಮಾತು ಇಲ್ಲಿ ಪ್ರತಿ ಚಳಿಗಾಲದಲ್ಲೂ ಕೇಳಿಬರುತ್ತದೆ, ಆದರೆ ಗ್ಯಾಸ್ ಫರ್ನೇಸಿನ ಮಟ್ಟಿಗೆ ಅದು ನಿಜವಲ್ಲ. ಮನೆಯ ಶಾಖ ಎಷ್ಟು ವೇಗವಾಗಿ ಹೊರಗೆ ಸೋರುತ್ತದೆ ಎಂಬುದು ಒಳಗಿನ ಮತ್ತು ಹೊರಗಿನ ಉಷ್ಣಾಂಶಗಳ ಅಂತರವನ್ನು ಹೊಂದಿಕೊಂಡಿರುತ್ತದೆ. ರಾತ್ರಿ ಮನೆ ತಣ್ಣಗಿರುವಷ್ಟು ಹೊತ್ತೂ ಆ ಅಂತರ ಕಡಿಮೆ, ಆದ್ದರಿಂದ ಸೋರಿಕೆಯೂ ಕಡಿಮೆ. ಬೆಳಗ್ಗೆ ಫರ್ನೇಸ್ ಎಡೆಬಿಡದೆ ಉರಿಯುವುದು ಗೋಡೆ, ನೆಲ, ಸಾಮಾನುಗಳು ರಾತ್ರಿ ಬಿಟ್ಟುಕೊಟ್ಟ ಶಾಖವನ್ನು ಮರಳಿ ತುಂಬುವುದಕ್ಕೆ. ಆದರೆ ಅವು ಬಿಟ್ಟುಕೊಡುತ್ತಿದ್ದಷ್ಟು ಹೊತ್ತು ಫರ್ನೇಸ್ ಸುಮ್ಮನಿತ್ತಲ್ಲ, ಆ ಲೆಕ್ಕ ಅಲ್ಲಿಗೇ ಚುಕ್ತಾ ಆಗುತ್ತದೆ. ಕಡಿಮೆಯಾದ ಸೋರಿಕೆ ಪೂರ್ತಿ ಉಳಿತಾಯವೇ.

ಆದರೆ ಉಳಿತಾಯ ಎಷ್ಟು ಎಂಬ ಪ್ರಶ್ನೆಗೆ ಸಿಗುವ ಉತ್ತರ ನಿಮಗೆ ನಿರಾಶೆ ತರಬಹುದು. ಮಿನ್ನಿಯಾಪೊಲಿಸ್‌ನ ಜನವರಿಯ ಸರಾಸರಿ ಉಷ್ಣಾಂಶ ಸುಮಾರು 16 ಡಿಗ್ರಿ. ಒಳಗೆ 70 ಇದ್ದರೆ ಅಂತರ 54. ಇಡೀ ದಿನ 68ಕ್ಕೆ ಇಟ್ಟರೆ ಅಂತರ 52ಕ್ಕೆ ಇಳಿಯುತ್ತದೆ, ಅಂದರೆ ಶೇಕಡಾ 4ರಷ್ಟು ಇಳಿತ. ಜುಲೈನ 20 ಥರ್ಮ್ ಬಿಸಿನೀರು ಮತ್ತು ಒಲೆಯದ್ದು ಎಂದು ಕಳೆದರೆ, ನಿಮ್ಮ ಹೀಟಿಂಗಿಗೆ ಖರ್ಚಾದದ್ದು 145 ಥರ್ಮ್. ಅದರ ಶೇಕಡಾ 4 ಎಂದರೆ ತಿಂಗಳಿಗೆ ಸುಮಾರು 6 ಡಾಲರ್. ರಾತ್ರಿ ಎಂಟು ಗಂಟೆ 62ಕ್ಕೆ ಇಳಿಸಿದರೂ ದಿನದ ಸರಾಸರಿಯಲ್ಲಿ ಅದು ಹೆಚ್ಚೆಂದರೆ 2.7 ಡಿಗ್ರಿ ಇಳಿದಂತೆ, ಅಂದರೆ ಶೇಕಡಾ 5. ಮನೆ 62ಕ್ಕೆ ಇಳಿಯುವುದಕ್ಕೇ ಕೆಲವು ಗಂಟೆ ಹಿಡಿಯುವುದರಿಂದ ನಿಜವಾದ ಉಳಿತಾಯ ಇನ್ನೂ ಕಡಿಮೆ. ಅಮೆರಿಕದ ಇಂಧನ ಇಲಾಖೆ ದಿನಕ್ಕೆ 8 ಗಂಟೆ 7ರಿಂದ 10 ಡಿಗ್ರಿ ಇಳಿಸಿದರೆ ವರ್ಷಕ್ಕೆ ಶೇಕಡಾ 10ರವರೆಗೆ ಉಳಿಯಬಹುದು ಎನ್ನುತ್ತದೆ. ಚಳಿ ಕಡಿಮೆಯಿರುವ ಊರುಗಳಲ್ಲಿ ಒಳ-ಹೊರಗಿನ ಅಂತರವೇ ಚಿಕ್ಕದಾದ್ದರಿಂದ ಅಷ್ಟೇ ಇಳಿಕೆ ಅಲ್ಲಿ ದೊಡ್ಡ ಶೇಕಡಾವಾರಾಗಿ ಕಾಣುತ್ತದೆ. ನಮ್ಮಲ್ಲಿ ಅಷ್ಟು ನಿರೀಕ್ಷಿಸಬೇಡಿ.

ಹೀಗಾಗಿ ನನ್ನ ಅಭಿಪ್ರಾಯದಲ್ಲಿ ನೀವು ನೋಡಬೇಕಾದ ಜಾಗ ಥರ್ಮೋಸ್ಟಾಟ್ ಅಲ್ಲ. ಫರ್ನೇಸೂ ಅಲ್ಲ: ಬಿಳಿ ಪ್ಲಾಸ್ಟಿಕ್ ಕೊಳವೆ ಇದೆ ಎಂದರೆ ಅದು ಹೊಗೆಯ ಶಾಖವನ್ನೂ ಹೀರಿಕೊಳ್ಳುವ ಕಂಡೆನ್ಸಿಂಗ್ ಮಾದರಿ, ಅದರ ದಕ್ಷತೆ ಶೇಕಡಾ 90ಕ್ಕೆ ಮೇಲೆಯೇ ಇರುತ್ತದೆ. ಬೇಸ್‌ಮೆಂಟಿಗೆ ಇಳಿದು, ಕಾಂಕ್ರೀಟ್ ಗೋಡೆಯ ತಲೆಯ ಮೇಲೆ ಮರದ ಚೌಕಟ್ಟು ಕೂರುವ ಅಂಚನ್ನು ನೋಡಿ. ಅದನ್ನು ರಿಮ್ ಜಾಯಿಸ್ಟ್ ಎನ್ನುತ್ತಾರೆ. ಆ ಕಾಲದ ಮನೆಗಳಲ್ಲಿ ಅಲ್ಲಿ ಫೈಬರ್‌ಗ್ಲಾಸ್ ತುಂಡುಗಳನ್ನು ಸುಮ್ಮನೆ ತುರುಕಿರುವುದು ಸಾಮಾನ್ಯ. ಕೈಗವಸು ಹಾಕಿಕೊಂಡು ಒಂದು ತುಂಡನ್ನು ಎಳೆದು ನೋಡಿ. ಅದರ ಹಿಂಬದಿ ಮಸಿ ಹಿಡಿದಂತೆ ಕಪ್ಪಾಗಿದ್ದರೆ, ವರ್ಷಗಟ್ಟಲೆ ಹೊರಗಿನ ಗಾಳಿ ಅದರ ಮೂಲಕವೇ ಒಳಗೆ ಬಂದಿದೆ, ದೂಳು ಮಾತ್ರ ಅಲ್ಲಿ ಉಳಿದಿದೆ ಎಂದು ಅರ್ಥ. ಬಿಸಿಗಾಳಿ ಮೇಲೇರಿ ಅಟ್ಟದ ಸಂದುಗಳಿಂದ ಹೊರಗೆ ಹೋಗುತ್ತಿದ್ದಂತೆ ಕೆಳಗಿನ ಸಂದುಗಳು ಚಳಿಗಾಳಿಯನ್ನು ಎಳೆದುಕೊಳ್ಳುತ್ತವೆ. ಹೊರಗೆ ಚಳಿ ಹೆಚ್ಚಿದಷ್ಟೂ ಈ ಸೆಳೆತ ಹೆಚ್ಚು. ಆದ್ದರಿಂದ ಮೇಲೂ ಕೆಳಗೂ ಎರಡು ಕಡೆ ಮುಚ್ಚಬೇಕು. ಅಟ್ಟದ ಬಾಗಿಲು, ಸ್ನಾನದ ಮನೆಯ ಫ್ಯಾನಿನ ಸುತ್ತ, ದೀಪಗಳ ತೂತು, ಇವನ್ನು ಮೊದಲು ಮುಚ್ಚಿಸಿ, ಆಮೇಲೆ ಅಟ್ಟದ ಇನ್ಸುಲೇಷನ್ ಅನ್ನು ಆರ್-49ರಿಂದ ಆರ್-60ರವರೆಗೆ ಏರಿಸಿ (ಆರ್ ಎಂಬುದು ಶಾಖವನ್ನು ತಡೆಯುವ ಶಕ್ತಿಯ ಅಳತೆ). ಸಂದು ಮುಚ್ಚದೆ ಇನ್ಸುಲೇಷನ್ ಸುರಿಸುವುದು ದುಡ್ಡು ಪೋಲು. ಇಲ್ಲಿಯ ಹೋಮ್ ಎನರ್ಜಿ ಸ್ಕ್ವಾಡ್‌ನವರು ಮನೆಗೆ ಬಂದು ಪರೀಕ್ಷೆ ಮಾಡಿಕೊಡುತ್ತಾರೆ. ಗುತ್ತಿಗೆದಾರರನ್ನು ಕರೆಯುವ ಮೊದಲು ಅವರನ್ನು ಕರೆಯುವುದು ಒಳ್ಳೆಯದು.

ಫಲ ಸಿಕ್ಕಿತೇ ಎಂದು ತಿಳಿಯಲು ಡಾಲರ್ ಲೆಕ್ಕ ನೋಡಬೇಡಿ, ಗ್ಯಾಸಿನ ದರ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಥರ್ಮ್ ಸಂಖ್ಯೆಯನ್ನು ಆ ಅವಧಿಯ ಹೀಟಿಂಗ್ ಡಿಗ್ರಿ ಡೇ ಸಂಖ್ಯೆಯಿಂದ ಭಾಗಿಸಿ. ದಿನದ ಸರಾಸರಿ 65ಕ್ಕಿಂತ ಎಷ್ಟು ಕೆಳಗಿದೆಯೋ ಅಷ್ಟು ಆ ದಿನದ ಡಿಗ್ರಿ ಡೇ. ಎಲ್ಲ ದಿನಗಳದ್ದನ್ನೂ ಕೂಡಿಸಿದರೆ ನಮ್ಮ ಜನವರಿಗೆ ಸಾಮಾನ್ಯವಾಗಿ 1,500ರಷ್ಟಾಗುತ್ತದೆ, ಹಾಗಾಗಿ ನಿಮ್ಮದು ಈಗ 0.1ರ ಹತ್ತಿರ ಇದೆ. ಮುಂದಿನ ಚಳಿಗಾಲ ಎಷ್ಟೇ ಕಠಿಣವಾಗಿದ್ದರೂ ಈ ಸಂಖ್ಯೆ ಇಳಿದರೆ ಕೆಲಸ ಫಲಿಸಿದೆ.

ಅಂದಹಾಗೆ, ನೀವಿರುವುದು ಥರ್ಮೋಸ್ಟಾಟಿನ ತವರಿನಲ್ಲಿ: 1885ರಲ್ಲಿ ಆಲ್ಬರ್ಟ್ ಬಟ್ಜ್ ಕಲ್ಲಿದ್ದಲಿನ ಕುಲುಮೆಯ ಗಾಳಿಬಾಗಿಲನ್ನು ತಾನಾಗಿ ತೆರೆದು ಮುಚ್ಚುವ ಸಾಧನವನ್ನು ಮಾಡಿದ್ದು ಮಿನ್ನಿಯಾಪೊಲಿಸ್‌ನಲ್ಲೇ, ಹನಿವೆಲ್ ಕಂಪನಿಯ ಮೂಲ ಅದೇ.

ಉತ್ತರ: ರಾಲಿ ಕನ್ನಡಿಗ

ಮೇಲಿನ ಉತ್ತರವನ್ನು ಹೀಟ್ ಪಂಪ್ ಇರುವವರು ಹಾಗೆಯೇ ಪಾಲಿಸಬಾರದು ಎಂದು ಹೇಳುವುದಕ್ಕಾಗಿ ಬರೆಯುತ್ತಿದ್ದೇನೆ. ನಾರ್ತ್ ಕ್ಯಾರೊಲಿನಾದಂತಹ ಕಡೆ ನಮ್ಮಲ್ಲಿ ಅನೇಕರ ಮನೆಯಲ್ಲಿ ಇರುವುದು ಅದೇ. ಹೀಟ್ ಪಂಪ್ ಹೊರಗಿನ ಗಾಳಿಯಿಂದ ಶಾಖವನ್ನು ಒಳಗೆ ಸಾಗಿಸುವುದರಿಂದ, ಇಲ್ಲಿಯ ಮಟ್ಟದ ಚಳಿಯಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಎರಡೂವರೆ ಮೂರು ಯೂನಿಟ್ ಶಾಖ ಕೊಡುತ್ತದೆ. ಆದರೆ ರಾತ್ರಿ 62ಕ್ಕೆ ಇಳಿಸಿ ಬೆಳಗ್ಗೆ ಒಮ್ಮೆಗೇ 70ಕ್ಕೆ ಏರಿಸಿದರೆ, ಪಂಪು ಒಂದರಿಂದಲೇ ಬೇಗ ಮುಟ್ಟಲಾಗದು ಎಂದು ಥರ್ಮೋಸ್ಟಾಟ್ ಸಹಾಯಕ ವಿದ್ಯುತ್ ಕಾಯಿಲ್‌ಗಳನ್ನೂ ಹೊತ್ತಿಸುತ್ತದೆ. ಅವು ಒಂದು ಯೂನಿಟ್ಟಿಗೆ ಒಂದೇ ಯೂನಿಟ್ ಶಾಖ ಕೊಡುವಂಥವು. 10 ಕಿಲೋವ್ಯಾಟ್ ಕಾಯಿಲ್ ಒಂದು ಗಂಟೆ ಉರಿದರೆ 10 ಯೂನಿಟ್ ಹೋಯಿತು. ಇಡೀ ರಾತ್ರಿ ಉಳಿಸಿದ್ದು ಬೆಳಗ್ಗೆ ಆರರಿಂದ ಏಳರ ನಡುವೆ ಕರಗಬಹುದು. ನಿಮ್ಮ ಪಕ್ಕದ ಮನೆಯವರ ಮಾತಿನ ಮೂಲ ಬಹುಶಃ ಇದೇ. ಹೀಟ್ ಪಂಪ್ ಇದ್ದರೆ ರಾತ್ರಿ ಎರಡು ಡಿಗ್ರಿಗಿಂತ ಹೆಚ್ಚು ಇಳಿಸಬೇಡಿ, ಥರ್ಮೋಸ್ಟಾಟಿನ ಪರದೆಯ ಮೇಲೆ ಆಕ್ಸ್ (ಸಹಾಯಕ ಕಾಯಿಲ್ ಉರಿಯುತ್ತಿದೆ) ಎಂಬ ಸೂಚನೆ ಎಷ್ಟು ಹೊತ್ತು ಉಳಿಯುತ್ತದೆ ಎಂದು ಗಮನಿಸಿ, ಕಾಯಿಲ್‌ಗಳಿಂದಲೇ ಮನೆ ಕಾಯಿಸುವ ಎಮರ್ಜೆನ್ಸಿ ಹೀಟ್ ಎಂಬ ಆಯ್ಕೆಯನ್ನು ಪಂಪು ಕೆಟ್ಟಾಗ ಹೊರತು ಮುಟ್ಟಬೇಡಿ.

ಉತ್ತರ: ವುಡ್‌ಬರಿ ಗೃಹಿಣಿ

ಉಳಿತಾಯ ತಿಂಗಳಿಗೆ ಆರೇ ಡಾಲರ್ ಎಂದು ಥರ್ಮೋಸ್ಟಾಟನ್ನು ಮರೆತುಬಿಡಬೇಕೆಂದು ನನಗೆ ಅನ್ನಿಸುವುದಿಲ್ಲ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಕೂಡಿಸಿದರೆ ಅದೂ ಒಂದು ಮೊತ್ತವೇ, ಅದಕ್ಕೆ ಒಂದು ಪೈಸೆಯ ಬಂಡವಾಳವೂ ಬೇಡ. ಆದರೆ ಹಿರಿಯರು ಮನೆಯಲ್ಲಿರುವಷ್ಟು ದಿನ 62ರ ಯೋಚನೆಯನ್ನು ಬಿಟ್ಟುಬಿಡಿ. ವಯಸ್ಸಾದವರ ದೇಹ ತನ್ನ ಶಾಖವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ. ಇಲ್ಲಿಯ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆನ್ ಏಜಿಂಗ್ ಸಂಸ್ಥೆಯೇ ಅಂಥ ಮನೆಗಳಲ್ಲಿ ಕನಿಷ್ಠ 68 ಇರಬೇಕು ಎನ್ನುತ್ತದೆ.

ಅವರಿಗೆ 70ರಲ್ಲೂ ಏಕೆ ಚಳಿ ಎಂಬುದನ್ನು ಸ್ವಲ್ಪ ಯೋಚಿಸಬೇಕು. 70 ಎಂದರೆ ನಮ್ಮ ಲೆಕ್ಕದಲ್ಲಿ 21 ಡಿಗ್ರಿ ಸೆಲ್ಸಿಯಸ್. ಜನವರಿಯ ಮೈಸೂರಿನಲ್ಲಿ ಬೆಳಗಿನ ಜಾವ ಅದಕ್ಕಿಂತ ತಣ್ಣಗಿರುತ್ತದೆ, ಆದರೂ ಅಲ್ಲಿ ಒಂದು ಶಾಲು ಹೊದ್ದು ಕಾಫಿ ಕುಡಿಯುತ್ತಾ ಜಗಲಿಯಲ್ಲಿ ಕೂರುವವರು ಇಲ್ಲಿ ಸೋಫಾದ ಮೇಲೆ ಮುದುಡಿ ಕೂರುತ್ತಾರೆ. ಅಲ್ಲಿಯ ಗೋಡೆಗಳು ಹಗಲಿನ ಬಿಸಿಲನ್ನು ಹಿಡಿದಿಟ್ಟುಕೊಂಡಿರುತ್ತವೆ. ಇಲ್ಲಿ ಗಾಳಿ ಬೆಚ್ಚಗಿದ್ದರೂ ಕಿಟಕಿಯ ಗಾಜು ಮತ್ತು ಹೊರಗೋಡೆ ತಣ್ಣಗಿದ್ದು, ಮೈಯ ಶಾಖ ನೇರವಾಗಿ ಆ ಕಡೆಗೆ ಹರಿಯುತ್ತದೆ. ಮಾವನವರು ಕೂರುವ ಜಾಗ ಹಿತ್ತಲಿನ ದೊಡ್ಡ ಗಾಜಿನ ಬಾಗಿಲಿನ ಪಕ್ಕದಲ್ಲಿದ್ದರೆ ಅದನ್ನು ಒಳಗೋಡೆಯ ಕಡೆಗೆ ಸರಿಸಿ, ಕತ್ತಲಾಗುತ್ತಲೇ ದಪ್ಪ ಪರದೆ ಎಳೆಯಿರಿ. ಮಂಚಕ್ಕೂ ಇದೇ ಮಾತು. ಥರ್ಮೋಸ್ಟಾಟಿನಲ್ಲಿ ಎರಡು ಡಿಗ್ರಿ ಏರಿಸಿದ್ದಕ್ಕಿಂತ ಇದರಿಂದ ಹೆಚ್ಚು ಅನುಕೂಲವಾಗುತ್ತದೆ. ಇನ್ನೊಂದು ಕಾರಣ ಒಣ ಗಾಳಿ. ಹ್ಯುಮಿಡಿಫೈಯರ್ ಇಡಿ, ಆದರೆ ಹೊರಗೆ 20 ಡಿಗ್ರಿ ಫ್ಯಾರನ್‌ಹೀಟ್ ಇರುವಾಗ ಒಳಗಿನ ತೇವಾಂಶವನ್ನು ಶೇಕಡಾ 35ಕ್ಕೆ, ಸೊನ್ನೆಗೆ ಇಳಿದಾಗ ಶೇಕಡಾ 25ಕ್ಕೆ ಇಳಿಸಿ. ಇಲ್ಲವಾದರೆ ಗಾಜಿನ ಮೇಲೆ ನೀರು ಇಳಿದು ಕಿಟಕಿಯ ಚೌಕಟ್ಟಿಗೆ ಬೂಷ್ಟು ಹಿಡಿಯುತ್ತದೆ.

ಅವರ ಕೋಣೆಗೆ ಮಾತ್ರ ವಿದ್ಯುತ್ ಹೀಟರ್ ಇಟ್ಟು ಉಳಿದ ಮನೆಯನ್ನು ತಣ್ಣಗಿಡೋಣ ಎಂದು ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ: ಒಂದು ಡಾಲರಿನ ಥರ್ಮ್ ನಿಮ್ಮ ಫರ್ನೇಸಿನಲ್ಲಿ ಕೊಡುವ ಶಾಖ ಸುಮಾರು 27 ಯೂನಿಟ್ ವಿದ್ಯುತ್ತಿಗೆ ಸಮ, ಯೂನಿಟ್ಟಿಗೆ 16 ಸೆಂಟ್ ಹಿಡಿದರೆ ಅದು ನಾಲ್ಕು ಡಾಲರಿಗೂ ಮೇಲೆ. 1,500 ವ್ಯಾಟ್ ಹೀಟರ್ ರಾತ್ರಿ ಎಂಟು ಗಂಟೆ ನಿಲ್ಲದೆ ಉರಿದರೆ ತಿಂಗಳಿಗೆ ಸುಮಾರು 58 ಡಾಲರ್. ನಾನಾದರೆ ಹಗಲು 70, ರಾತ್ರಿ 68 ಇಟ್ಟು, ಅವರಿಗೆ ಉಣ್ಣೆಯ ಕಾಲುಚೀಲ ಮತ್ತು ಒಳ್ಳೆಯ ರಜಾಯಿ ಕೊಡಿಸುತ್ತೇನೆ.

ಈಗನ್‌ವಾಸಿ

ಎಲ್ಲರಿಗೂ ಧನ್ಯವಾದಗಳು. ಬೇಸ್‌ಮೆಂಟಿನ ಫೈಬರ್‌ಗ್ಲಾಸ್ ಎಳೆದು ನೋಡಿದೆವು. ಉತ್ತರದ ಗೋಡೆಯ ಉದ್ದಕ್ಕೂ ಕಪ್ಪಾಗಿದೆ. ಇನ್ನೆರಡು ಸಂಶಯಗಳಿವೆ. ನಾವಿಬ್ಬರೂ ಆಫೀಸಿಗೆ ಹೋದ ಮೇಲೆ ಮನೆ ತಣ್ಣಗಾಗುತ್ತದೆ ಎಂದು ಅತ್ತೆ ಹೇಳುತ್ತಾರೆ, ಆದರೆ ಥರ್ಮೋಸ್ಟಾಟಿನ ವೇಳಾಪಟ್ಟಿಯಲ್ಲಿ ನಾವು ಏನನ್ನೂ ಇಳಿಸಿಲ್ಲ. ಮುಂದಿನ ಡಿಸೆಂಬರಿನಲ್ಲಿ ಒಂದು ತಿಂಗಳು ಊರಿಗೆ ಹೋಗುವಾಗ ಫರ್ನೇಸನ್ನು ಪೂರ್ತಿ ಆರಿಸಬಹುದೇ?

ಉತ್ತರ: ಬ್ಲೂಮಿಂಗ್ಟನ್ ಹಳಬ

ನಿಮ್ಮದು ಸ್ಮಾರ್ಟ್ ಥರ್ಮೋಸ್ಟಾಟ್ ಆಗಿದ್ದರೆ ನಿಮ್ಮ ಫೋನ್‌ಗಳು ಇರುವ ಜಾಗ ನೋಡಿ ಮನೆ ಖಾಲಿಯೋ ಅಲ್ಲವೋ ಎಂದು ತೀರ್ಮಾನಿಸುತ್ತಿರಬಹುದು. ನಿಮ್ಮಿಬ್ಬರ ಫೋನೂ ಊರಾಚೆ ಹೋಯಿತು, ಹಿರಿಯರ ಫೋನಿನಲ್ಲಿ ಆ ಆ್ಯಪ್ ಇಲ್ಲ, ಅಂದಮೇಲೆ ಅದರ ಲೆಕ್ಕದಲ್ಲಿ ಮನೆಯಲ್ಲಿ ಯಾರೂ ಇಲ್ಲ. ಸೆಟ್ಟಿಂಗಿಗೆ ಹೋಗಿ ಹೋಮ್-ಅವೇ ಸೌಲಭ್ಯವನ್ನು ಏಪ್ರಿಲ್‌ವರೆಗೆ ಆರಿಸಿಡಿ.

ಫರ್ನೇಸನ್ನು ಆರಿಸುವ ಮಾತೇ ಬೇಡ. ಕೊಳಾಯಿಯ ನೀರು ಹೆಪ್ಪುಗಟ್ಟಿ ಕೊಳವೆ ಒಡೆದರೆ ಹತ್ತು ಚಳಿಗಾಲದ ಗ್ಯಾಸಿನ ಬಿಲ್ಲಿಗಿಂತ ದೊಡ್ಡ ಖರ್ಚು ಬರುತ್ತದೆ, ಮನೆಯನ್ನು ಬೆಚ್ಚಗಿಟ್ಟಿರಲಿಲ್ಲ ಎಂದು ವಿಮಾ ಕಂಪನಿ ಹಣ ಕೊಡಲು ನಿರಾಕರಿಸಲೂಬಹುದು. ಥರ್ಮೋಸ್ಟಾಟನ್ನು 55 ಡಿಗ್ರಿಗಿಂತ ಕೆಳಗೆ ಇಳಿಸದೆ ಹೋಲ್ಡ್ ಮಾಡಿ (ಒಂದೇ ಮಟ್ಟದಲ್ಲಿ ನಿಲ್ಲಿಸಿ), ಬೇಸ್‌ಮೆಂಟಿನ ಮುಖ್ಯ ವಾಲ್ವಿನಲ್ಲಿ ನೀರನ್ನು ಮುಚ್ಚಿ, ಹೊರಗೋಡೆಗೆ ಅಂಟಿದ ಸಿಂಕುಗಳ ಕೆಳಗಿನ ಕಪಾಟುಗಳನ್ನು ತೆರೆದಿಟ್ಟು ಹೋಗಿ. ಫರ್ನೇಸಿನ ಫಿಲ್ಟರನ್ನು ಹೊರಡುವ ಮೊದಲು ಬದಲಿಸಿ. ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು, ಹಿಮ ಬಿದ್ದಾಗಲೆಲ್ಲ ಗೋಡೆಯಿಂದ ಹೊರಬಂದಿರುವ ಆ ಬಿಳಿ ಕೊಳವೆಗಳ ಬಾಯಿ ನೋಡುವಂತೆ ಕೇಳಿಕೊಳ್ಳಿ: ಹಿಮ ತುಂಬಿ ಗಾಳಿಯ ದಾರಿ ಕಟ್ಟಿದರೆ ಸುರಕ್ಷತೆಯ ಸ್ವಿಚ್ಚು ಫರ್ನೇಸನ್ನು ನಿಲ್ಲಿಸಿಬಿಡುತ್ತದೆ, ಆಗ ನೀವು ಥರ್ಮೋಸ್ಟಾಟನ್ನು ಮೈಸೂರಿನಿಂದ ಎಷ್ಟಕ್ಕೆ ಏರಿಸಿದರೂ ಮನೆ ಬೆಚ್ಚಗಾಗುವುದಿಲ್ಲ.