ಪದಚರ್ಚೆ: ‘ಕೊಕ್ಕರೆ ರೋಗ’ದೊಳಗೆ ಕೊಕ್ಕರೆ ಹೇಗೆ ಬಂತು?

ಗೆಳೆಯರೆ,

ಹಿತ್ತಲಲ್ಲಿ ನಾಟಿ ಕೋಳಿ ಸಾಕುವವರಿಗೆ ಹಂಚಲಿರುವ ಕರಪತ್ರವೊಂದನ್ನು ತಿದ್ದುತ್ತಿದ್ದೇನೆ. ಕೋಳಿಗಳಿಗೆ ಅಂಟುವ ಒಂದು ರೋಗಕ್ಕೆ ಅದರ ತುಂಬ ‘ನ್ಯೂಕ್ಯಾಸಲ್ ರೋಗ’ ಎಂಬ ಹೆಸರು. ಪಶು ಆಸ್ಪತ್ರೆಯಲ್ಲಿ ಕೇಳಿದರೆ ‘ರಾಣಿಖೇತ್’. ಕೋಳಿ ಸಾಕುವವರಿಗೆ ಮಾತ್ರ ಅದು ‘ಕೊಕ್ಕರೆ ರೋಗ’. ಮೊದಲೆರಡು ಹೆಸರಿನ ಗುಟ್ಟು ಸುಲಭ: 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿ, ಆಮೇಲೆ ಉತ್ತರಾಖಂಡದ ಕುಮಾವೂನಿನ ರಾಣಿಖೇತಿನಲ್ಲಿ ರೋಗ ಕಂಡಿತು, ಊರಿನ ಹೆಸರೇ ಅಂಟಿಕೊಂಡಿತು. ಮೂರನೆಯದು ಎಲ್ಲಿಂದ ಬಂತು?

ರೋಗ ಬಿದ್ದ ಕೋಳಿ ಮೇವು ಬಿಟ್ಟು ತೂಕಡಿಸುತ್ತದೆ, ರೆಕ್ಕೆ ಜೋಲುಬಿಡುತ್ತದೆ, ಹಸಿರು ಮಿಶ್ರಿತ ಬಿಳಿ ಹಿಕ್ಕೆ ಹಾಕುತ್ತದೆ. ಉಸಿರಿಗಾಗಿ ಕತ್ತು ಚಾಚಿ ಬಾಯಿ ತೆರೆಯುತ್ತದೆ. ಈ ಚಾಚಿದ ಕತ್ತೇ ಕೊಕ್ಕರೆಯನ್ನು ನೆನಪಿಸಿತೇ? ಬದುಕಿ ಉಳಿದ ಕೆಲವಕ್ಕೆ ಕತ್ತು ತಿರುಚಿಕೊಳ್ಳುತ್ತದೆ. ಹಾಗಾದರೆ ಮೂಲ ‘ಕೊಕ್ಕೆ’ ಇರಬಹುದೇ? ತಮಿಳಿನ ‘ಕೊಕ್ಕರಿ’ಗೆ ಕೋಳಿ ಕೂಗು ಎಂಬ ಅರ್ಥವಿದೆ, ರೋಗದ ಕೋಳಿಯ ಉಸಿರಿನ ಗೊರಗೊರ ಸದ್ದಿಗೂ ಅದಕ್ಕೂ ನಂಟಿರಬಹುದೇ? ಆದರೆ ರೋಗದ ಹೆಸರಾಗಿ ತಮಿಳರು ಹೇಳುವುದು ‘ವೆಳ್ಳೈ ಕಳಿಚ್ಚಲ್’, ಬಿಳಿ ಭೇದಿ. ತೆಲುಗರಲ್ಲಿ ‘ಕೊಕ್ಕೆರ ತೆಗುಲು’. ನಾವು ಅವರಿಂದ ತಂದೆವೋ ಅವರು ನಮ್ಮಿಂದಲೋ, ಬಲ್ಲವರು ಹೇಳಬೇಕು. ನನ್ನ ಒಲವು ಚಾಚಿದ ಕತ್ತಿನ ಕಡೆಗೆ.

ಕರಪತ್ರದಲ್ಲಿ ‘ಕೊಕ್ಕರೆ ರೋಗ’ವನ್ನೇ ದಪ್ಪಕ್ಷರದಲ್ಲಿ ಹಾಕಿದ್ದೇನೆ. ಟಿವಿ ನೋಡಿ ನೋಡಿ ಈಗ ಕೋಳಿ ಸತ್ತರೆ ಸಾಕು, ‘ಹಕ್ಕಿಜ್ವರ’ ಅನ್ನುವವರು ಹೆಚ್ಚು. ಲಕ್ಷಣ ನೋಡಿ ಎರಡನ್ನೂ ಬೇರ್ಪಡಿಸುವುದು ಕಷ್ಟ ನಿಜ, ಸಾಲು ಸಾಲಾಗಿ ಸತ್ತರೆ ಪಶುವೈದ್ಯರಿಗೆ ಹೇಳಲೇಬೇಕು. ಆದರೆ ಹಕ್ಕಿಜ್ವರ ಖಚಿತವಾದಲ್ಲಿ ಸರ್ಕಾರ ಸುತ್ತಲಿನ ಕೋಳಿಗಳನ್ನು ಕೊಲ್ಲಿಸುತ್ತದೆ. ಕೊಕ್ಕರೆ ರೋಗಕ್ಕಾದರೆ ಬರುವ ಮುಂಚೆಯೇ ಹಾಕಿಸುವ ಲಸಿಕೆ ಇದೆ. ಹೆಸರು ಕಲಸಿಹೋದರೆ ಲಸಿಕೆಯ ಮಾತೇ ಏಳುವುದಿಲ್ಲ.

ಇನ್ನೊಂದು ತಕರಾರು ‘ಚುಚ್ಚುಮದ್ದು’. ಮೂಲದಲ್ಲಿ “ಮರಿಗಳಿಗೆ ಮೊದಲ ವಾರ ಚುಚ್ಚುಮದ್ದು ಕೊಡಿಸಿ” ಎಂದಿತ್ತು. ಆ ವಯಸ್ಸಿಗೆ ಕೊಡುವ ‘ಲಸೋಟ’ ಎಂಬ ಲಸಿಕೆಯನ್ನು ಚುಚ್ಚುವುದಿಲ್ಲ, ಕಣ್ಣಿಗೋ ಮೂಗಿಗೋ ಒಂದು ತೊಟ್ಟು ಬಿಡುತ್ತಾರೆ. ಚುಚ್ಚುವುದು ಎಂಟು ವಾರದ ಹೊತ್ತಿಗೆ, ‘ಆರ್‌2ಬಿ’ ಎಂಬ ಇನ್ನೊಂದು ಲಸಿಕೆಯನ್ನು. ನಾನು ‘ಲಸಿಕೆ ಹನಿ’, ‘ಲಸಿಕೆ ಸೂಜಿ’ ಎಂದು ಬರೆದೆ. ಪೋಲಿಯೊ ಹನಿ ಕಂಡವರಿಗೆ ಮೊದಲನೆಯದು ತಕ್ಷಣ ಹಿಡಿಸುತ್ತದೆ. ಎರಡನೆಯದು ಸ್ವಲ್ಪ ಒಡ್ಡಾಗಿದೆ, ಒಪ್ಪುತ್ತೇನೆ. ಒಂದು ಸೀಸೆ ನೂರು ಕೋಳಿಗಾಗುವಷ್ಟಿರುತ್ತದೆ, ಕಲಸಿದ ಮೇಲೆ ಇಡುವಂತಿಲ್ಲ. ಹಾಗಾಗಿ ನಾಲ್ಕು ಮನೆಯವರು ಸೇರಿ ಹಾಕಿಸಿ ಎಂದೂ ಸೇರಿಸಿದ್ದೇನೆ.

‘ಜೈವಿಕ ಸುರಕ್ಷತೆ’ಯನ್ನು ಕಿತ್ತುಹಾಕಿ, “ಸಂತೆಯಿಂದ ತಂದ ಕೋಳಿಯನ್ನು ಎರಡು ವಾರ ಬೇರೆ ಪಂಜರದಲ್ಲಿಡಿ, ಸತ್ತದ್ದನ್ನು ಸುಣ್ಣ ಹಾಕಿ ಹೂಳಿ” ಎಂದು ಬಿಟ್ಟೆ.

ಉತ್ತರ ಕರ್ನಾಟಕ, ಕರಾವಳಿಯವರು ಈ ರೋಗಕ್ಕೆ ಏನೆನ್ನುತ್ತೀರಿ? ‘ಕೊಕ್ಕರೆ’ ಅಲ್ಲೂ ನಡೆಯುತ್ತದೆಯೇ? ಅಚ್ಚಿಗೆ ಹೋಗುವ ಮುನ್ನ ತಿಳಿದರೆ ಆವರಣದಲ್ಲಿ ಆ ಹೆಸರನ್ನೂ ಸೇರಿಸುತ್ತೇನೆ.