ಮೀನುಮರಿಗಳ ‘ನರ್ಸರಿ’ಗೆ ಒಟ್ಟಲು ಎನ್ನಬಹುದೇ?

ಎಲ್ಲರಿಗೂ ಮಂಡ್ಯದಿಂದ ನಮಸ್ಕಾರ.

ಪ್ರೌಢಶಾಲೆಯ ಮಕ್ಕಳಿಗಾಗಿ ಚಪ್ಪಟೆ ಮೀನುಗಳ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಮಂಗಳೂರಿನವರು ನಂಗು ಎನ್ನುವ ಮೀನು ಈ ಗುಂಪಿನದೇ. ಇಲ್ಲಿನ ಅಂಗಡಿಗೂ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಒಮ್ಮೊಮ್ಮೆ ಬರುತ್ತದೆ. ಕಳೆದ ವಾರ ಒಂದನ್ನು ಕೈಯಲ್ಲಿ ಹಿಡಿದು ನೋಡಿದೆ: ಮೇಲೆ ಕೆಸರಿನ ಬಣ್ಣ, ಮಗುಚಿದರೆ ಬಿಳುಪು, ಸಾಸಿವೆ ಕಾಳಿನಂಥ ಎರಡು ಕಣ್ಣುಗಳೂ ಒಂದೇ ಮಗ್ಗುಲಲ್ಲಿ. ಮೊಟ್ಟೆಯೊಡೆದು ಬಂದಾಗ ಮರಿ ಹೀಗಿರುವುದಿಲ್ಲ. ಬೇರೆ ಮೀನುಗಳಂತೆ ಅತ್ತೊಂದು ಇತ್ತೊಂದು ಕಣ್ಣಿಟ್ಟುಕೊಂಡು ತೇಲುತ್ತಿರುತ್ತದೆ. ಆಮೇಲೆ ಒಂದು ಕಣ್ಣು ಇನ್ನೊಂದು ಬದಿಗೆ ಸರಿಯುತ್ತದೆ, ಮರಿ ಮಗ್ಗುಲಾಗಿ ಸಮುದ್ರದ ತಳಕ್ಕಿಳಿಯುತ್ತದೆ. ಈ ಇಳಿಯುವಿಕೆಗೆ ‘ತಳವೂರು’ ಎಂದು ಬರೆದಿದ್ದೇನೆ. ಇದಕ್ಕಿಂತ ಸರಿಯಾದ ಮಾತು ಬೇರೆ ಇರಲಾರದು ಎಂದೇ ನನ್ನ ಎಣಿಕೆ.

ತೊಡಕಿರುವುದು ಮುಂದಿನ ಪದದಲ್ಲಿ. ತಳವೂರಿದ ಮರಿಗಳು ಬೆಳೆಯುವ ತೀರದ ಆಳವಿಲ್ಲದ ಜಾಗಕ್ಕೆ ವಿಜ್ಞಾನಿಗಳು ‘ನರ್ಸರಿ’ ಎನ್ನುತ್ತಾರೆ. ‘ಶಿಶುವಿಹಾರ’ ಎಂದು ಬರೆದು ಹೊಡೆದುಹಾಕಿದೆ. ಆ ಪದದಲ್ಲಿ ರಕ್ಷಣೆ ಮಾತ್ರ ಕೇಳಿಸುತ್ತದೆ, ಅಪಾಯ ಕೇಳಿಸುವುದಿಲ್ಲ. ಉತ್ತರ ಸಮುದ್ರದ ಪ್ಲೇಸ್ ಎಂಬ ಮೀನನ್ನೇ ನೋಡಿ. ಚಳಿಗಾಲದಲ್ಲಿ ಕಡಲ ನಡುವೆ ಇಟ್ಟ ಮೊಟ್ಟೆಗಳಿಂದ ಬಂದ ಮರಿಗಳನ್ನು ಪ್ರವಾಹ ನೆದರ್ಲೆಂಡ್ಸ್, ಜರ್ಮನಿ, ಡೆನ್ಮಾರ್ಕ್‌ಗಳ ಅಂಚಿನ ವಾಡನ್ ಸಮುದ್ರಕ್ಕೆ ತಲುಪಿಸಬೇಕು. ದಾರಿ ತಪ್ಪಿದವು ಉಳಿಯುವುದಿಲ್ಲ. ತಲುಪಿದವಕ್ಕೆ ಅಲ್ಲಿ ಹುಳು, ಚಿಪ್ಪುಜೀವಿಗಳ ಮೇವು ಸಿಗುತ್ತದೆ, ಜೊತೆಗೆ ಕಂದು ಸಿಗಡಿಯೂ ಕಾದಿರುತ್ತದೆ. ಹೌದು, ನಾವು ತಿನ್ನುವ ಸಿಗಡಿಯ ಬಳಗದ್ದೇ ಒಂದು ಜಾತಿ ಈ ಮರಿಗಳನ್ನು ಹಿಡಿದು ತಿನ್ನುತ್ತದೆ! ಮರಿ ಸುಮಾರು 3 ಸೆಂಟಿಮೀಟರ್ ದಾಟಿದರೆ ಅದರ ಹಿಡಿತಕ್ಕೆ ಸಿಗುವುದಿಲ್ಲ. ಹಾಗಾಗಿ ಬೇಗ ಬೆಳೆದದ್ದು ಬದುಕಿತು. ಚಳಿ ಕಡುವಾದ ವರ್ಷ ಸಿಗಡಿಗಳು ತಡವಾಗಿ ಬರುತ್ತವೆ, ಮರಿಗಳು ಹೆಚ್ಚು ಉಳಿಯುತ್ತವೆ. 1963ರ ಕಡುಚಳಿಯಲ್ಲಿ ಹುಟ್ಟಿದ ಪೀಳಿಗೆ ಹೀಗೆಯೇ ಭಾರಿ ಸಂಖ್ಯೆಯಲ್ಲಿ ಉಳಿದಿತ್ತು.

ಇದನ್ನೆಲ್ಲ ಬರೆಯುವಾಗ ನನಗೆ ಕಂಡದ್ದು ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ನಮ್ಮ ಸೋದರಮಾವ ಬಿಡುವ ಭತ್ತದ ಒಟ್ಟಲು, ಅಂದರೆ ಸಸಿಮಡಿ. ಮೊಳಕೆ ಬಂದ ಬಿತ್ತನೆಯನ್ನು ತೆಳುನೀರಿನ ಮಡಿಯಲ್ಲಿ ಚೆಲ್ಲಿದ ಮೇಲೆ ಹಕ್ಕಿ ಕಾಯುತ್ತಾ ಬದುವಿನ ಮೇಲೆ ಕೂರಬೇಕು. ಒತ್ತಾಗಿ ಬಿದ್ದ ಕಡೆ ಪೈರು ಸೊರಗುತ್ತದೆ. ಮೀನಿನ ಮರಿಗಳಿಗೂ ಒಂದೇ ಕಡೆ ದಟ್ಟಣೆಯಾದರೆ ಮೇವು ಸಾಲದಾಗುತ್ತದೆ, ಬೇಟೆಗಾರರೂ ಅಲ್ಲಿಗೇ ಮುಗಿಬೀಳುತ್ತಾರೆ. ಪೈರು ಬಲಿತ ಮೇಲೆ ಗದ್ದೆಗೆ ಹೋಗುವಂತೆ, ಮರಿ ದೊಡ್ಡದಾದಂತೆ ಆಳದ ನೀರಿಗೆ ಸರಿಯುತ್ತದೆ. ಆದ್ದರಿಂದ ‘ಮರಿಯೊಟ್ಟಲು’ ಎಂದು ಇಡಬಹುದೇ?

ನನ್ನನ್ನೇ ತಡೆಯುವ ಮಾತೂ ಒಂದಿದೆ. ಒಟ್ಟಲನ್ನು ಬಿಡುವ ಕೈ ಒಂದಿರುತ್ತದೆ, ಕಿತ್ತು ನಾಟಿ ಮಾಡುವ ಕೈಯೂ ಇರುತ್ತದೆ. ಸಮುದ್ರದಲ್ಲಿ ಅದಿಲ್ಲ. ಮೀನುಗಾರಿಕೆಯವರು ಹೊಂಡದಲ್ಲಿ ಮರಿ ಸಾಕುವುದೂ ನಮ್ಮ ಕಡೆ ಇರುವುದರಿಂದ, ಓದುವ ಮಕ್ಕಳು ಇದನ್ನೂ ಸಾಕಣೆಯ ಹೊಂಡವೆಂದು ತಿಳಿದಾರು. ‘ಮರಿನೆಲೆ’ ಎಂದರೆ ಆ ಗೊಂದಲ ತಪ್ಪುತ್ತದೆ, ಆದರೆ ಹಕ್ಕಿ ಕಾಯುವ ಆತಂಕವೂ ತಪ್ಪಿಹೋಗುತ್ತದೆ. ನನಗೆ ಆ ಆತಂಕ ಬೇಕು.

ಇನ್ನೊಂದು ಪದ: ಹೀಗೆ ಬದುಕುಳಿದು ಹಿಡಿಯುವ ಗಾತ್ರಕ್ಕೆ ಬಂದು ಮೀನಿನ ಸಂಪತ್ತಿಗೆ ಸೇರುವುದಕ್ಕೆ ಇಂಗ್ಲಿಷಿನಲ್ಲಿ ‘ರಿಕ್ರೂಟ್‌ಮೆಂಟ್’ ಎನ್ನುತ್ತಾರೆ, ಅದನ್ನೇ ಕೆಲವರು ‘ನೇಮಕಾತಿ’ ಎಂದು ಬರೆಯುತ್ತಾರೆ. ಅದು ಕಚೇರಿಯ ಮಾತು, ಇಲ್ಲಿ ಒಗ್ಗುವುದಿಲ್ಲ. ‘ಹೊಸ ಸೇರ್ಪಡೆ’ ಎಂದು ಇಟ್ಟಿದ್ದೇನೆ.

ಕರಾವಳಿಯ ಬಳಗದವರು ದಯವಿಟ್ಟು ಹೇಳಿ: ಅಳಿವೆಯ ಬದಿಯಲ್ಲಿ, ಇಳಿತದ ಹೊತ್ತಿನಲ್ಲಿ ಮರಿಗಳು ಗುಂಪುಗೂಡಿರುವ ಜಾಗಕ್ಕೆ ನಿಮ್ಮ ಮನೆಮಾತಿನಲ್ಲಿ, ತುಳುವಿನಲ್ಲಾಗಲಿ ಕೊಂಕಣಿಯಲ್ಲಾಗಲಿ, ಏನೆನ್ನುತ್ತಾರೆ? ಅಂಥ ಪದ ಸಿಕ್ಕರೆ ನಾನು ಒಟ್ಟಲನ್ನು ಬಿಟ್ಟು ಅದನ್ನೇ ಬಳಸುತ್ತೇನೆ.